ಡ್ರಾ ಎಂದರೆ ಸೊನ್ನೆಯಲ್ಲ

ಚೆಸ್ ಆಟ ಡ್ರಾ ಆಯಿತು ಎಂದು ಸುದ್ದಿ ಬಂದರೆ ಓದುವವರು ಪುಟ ತಿರುವಿಬಿಡುತ್ತಾರೆ. ಗೆದ್ದವರಿಲ್ಲ, ಸೋತವರಿಲ್ಲ, ಇನ್ನೇನಿದೆ ಓದೋಕೆ ಅಂತ. ಇದು ತಪ್ಪು ಲೆಕ್ಕ.

2024ರ ಏಪ್ರಿಲ್ 21ರಂದು ಕೆನಡಾದ ಟೊರಾಂಟೋದಲ್ಲಿ ನಡೆದ ಕ್ಯಾಂಡಿಡೇಟ್ಸ್ ಟೂರ್ನಿಯ ಕಡೇ ಸುತ್ತನ್ನೇ ನೋಡಿ. ವಿಶ್ವ ಚಾಂಪಿಯನ್ನನಿಗೆ ಸವಾಲು ಹಾಕುವವನು ಯಾರೆಂದು ತೀರ್ಮಾನಿಸುವ ಟೂರ್ನಿ ಅದು. ಎಂಟು ಆಟಗಾರರು, 14 ಸುತ್ತು. ಕಡೇ ಸುತ್ತಿಗೆ ಮುಂಚೆ ಚೆನ್ನೈ ಹುಡುಗ ಗುಕೇಶ್‌ಗೆ 8.5 ಅಂಕ. ಅರ್ಧ ಅಂಕ ಹಿಂದೆ ಮೂವರು: ಅಮೆರಿಕದ ನಕಾಮುರ, ಕರುವಾನ, ರಷ್ಯಾದ ನೆಪೊಮ್ನಿಯಾಚಿ.

ಗುಕೇಶ್ ಕಪ್ಪು ಕಾಯಿ ಹಿಡಿದು ನಕಾಮುರ ಜತೆ ಡ್ರಾ ಮಾಡಿದ. 9 ಅಂಕ ಆಯಿತು. ಆದರೆ ಕತೆ ಮುಗಿಯಲಿಲ್ಲ. ಇನ್ನೊಂದು ಬೋರ್ಡಿನಲ್ಲಿ ಕರುವಾನ, ನೆಪೊಮ್ನಿಯಾಚಿ ಇನ್ನೂ ಗುದ್ದಾಡುತ್ತಿದ್ದರು. ಇಬ್ಬರಲ್ಲಿ ಯಾರು ಗೆದ್ದರೂ 9 ಅಂಕ, ಗುಕೇಶ್‌ಗೆ ಸಮ, ಮತ್ತೆ ಟೈಬ್ರೇಕ್. ಕರುವಾನನಿಗೆ ಗೆಲುವು ಕೈಗೇ ಬಂದಿತ್ತು. ಒಮ್ಮೆ ಅಲ್ಲ, ಮತ್ತೆ ಮತ್ತೆ. ಮುಷ್ಟಿ ಬಿಗಿಯಲಿಲ್ಲ. ನೆಪೊಮ್ನಿಯಾಚಿ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. 109 ನಡೆ ಆದ ಮೇಲೆ ಡ್ರಾ! ಕ್ಷಮಿಸು ಎಂದ ನೆಪೊಮ್ನಿಯಾಚಿ. ತಪ್ಪು ನನ್ನದೇ ಎಂದ ಕರುವಾನ. ಇಬ್ಬರ ಕನಸೂ ಅಲ್ಲಿಗೆ ಮುಗಿಯಿತು.

ಈ ಅರ್ಧರ್ಧ ಅಂಕಗಳಿಂದಲೇ 17 ವರ್ಷದ ಗುಕೇಶ್ ಟೂರ್ನಿ ಗೆದ್ದ. ಅದನ್ನು ಗೆದ್ದವರಲ್ಲೇ ಅತಿ ಕಿರಿಯ. ಅದೇ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್‌ನನ್ನು 7.5–6.5ರಿಂದ ಮಣಿಸಿ ವಿಶ್ವ ಚಾಂಪಿಯನ್ ಆದ. ಅಲ್ಲೂ 14 ಆಟದಲ್ಲಿ 9 ಡ್ರಾ.

ಹಾಗಂತ ಎಲ್ಲ ಡ್ರಾಗೂ ಮರ್ಯಾದೆ ಕೊಡಬೇಕಿಲ್ಲ. ಹತ್ತು ಹದಿನೈದು ನಡೆಗೇ ಕೈ ಕುಲುಕಿ ಎದ್ದು ಹೋಗುವುದು ಖಾಲಿ ತಕ್ಕಡಿ ತೂಗಿದ ಹಾಗೆ. ಅದಕ್ಕೇ ಇಂತಿಷ್ಟು ನಡೆ ಆಗುವ ತನಕ ಮಾತಾಡಿಕೊಂಡು ಡ್ರಾ ಮಾಡುವಂತಿಲ್ಲ ಎಂಬ ನಿಯಮ ಹಲವು ಟೂರ್ನಿಗಳಲ್ಲಿದೆ. ಸರಿಯಾದದ್ದೇ. ಊರಿನ ಪಂದ್ಯಗಳಿಗೂ ಅದು ಬೇಕು.

ಮಕ್ಕಳನ್ನು ಚೆಸ್ ಪಂದ್ಯಕ್ಕೆ ಕಳಿಸುವ ತಂದೆತಾಯಿಯರೂ ಇದನ್ನು ತಿಳಿಯಬೇಕು. ಅರ್ಧ ಅಂಕ ತಂದ ಹುಡುಗನಿಗೆ 'ಗೆಲ್ಲೋಕಾಗ್ಲಿಲ್ವಾ?' ಎಂದು ಗದರುವ ಬದಲು ಆಟ ಹೇಗೆ ನಡೆಯಿತು ಅಂತ ಕೇಳಲಿ. ಸೋಲುವ ಆಟ ಉಳಿಸಿಕೊಂಡವನು ಅರ್ಧ ಅಂಕ ದುಡಿದಿದ್ದಾನೆ. ಗೆಲ್ಲುವ ಆಟ ಕೈಬಿಟ್ಟವನು ಅರ್ಧ ಅಂಕ ಕಳೆದಿದ್ದಾನೆ. ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅಂಗಡಿ ನಡೆಸುವವರಿಗೆ ಇದರ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.