ಹಳೆಯ ಯಂತ್ರ ಕೊಳ್ಳುವ ಮುನ್ನ

ಉಟಗಿಯಂಥ ಗಡಿ ಊರಿನಲ್ಲಿ ಹಳೆಯ ಟ್ರ್ಯಾಕ್ಟರ್ ಕೊಳ್ಳುವುದು ಒಂದು ಮನೆತನದ ದೊಡ್ಡ ನಿರ್ಧಾರ. ದ್ರಾಕ್ಷಿಯೋ ದಾಳಿಂಬೆಯೋ ಕೈಹಿಡಿದ ವರ್ಷ, ಕೂಡಿಟ್ಟ ಹಣಕ್ಕೆ ಒಂದಿಷ್ಟು ಕೈಗಡ ಸೇರಿಸಿಕೊಂಡು ರೈತನು ವಿಜಯಪುರದ ಕಡೆಗೆ ಹೊರಡುತ್ತಾನೆ. ಜೊತೆಗೆ ನಂಬಿಕೆಯ ಮೇಸ್ತ್ರಿ ಇರುತ್ತಾನೆ. ಅವನು ಇಂಜಿನ್ ಚಾಲೂ ಮಾಡಿ ಹೊಗೆಯ ಬಣ್ಣ ನೋಡುತ್ತಾನೆ, ಕ್ಲಚ್ ಒತ್ತುತ್ತಾನೆ, ಹೈಡ್ರಾಲಿಕ್ ಎತ್ತಿಸಿ ಇಳಿಸುತ್ತಾನೆ. ಬೆಲೆ ಕುದುರುತ್ತದೆ, ಬಾಂಡ್ ಪೇಪರಿನ ಮೇಲೆ ಇಬ್ಬರು ಸಾಕ್ಷಿಗಳ ಸಹಿ ಬೀಳುತ್ತದೆ. ಕೆಎ 28 ಎಂಬ ಫಲಕದೊಡನೆಯೇ ಟ್ರ್ಯಾಕ್ಟರ್ ಗಡಿ ದಾಟಿ ಬಂದು ಮನೆಯ ಮುಂದೆ ಪೂಜೆಗೊಳ್ಳುತ್ತದೆ. ವ್ಯವಹಾರ ಮುಗಿಯಿತೆಂದು ಮಾರಿದವನೂ ಕೊಂಡವನೂ ತಿಳಿಯುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಅರ್ಧ ಮಾತ್ರ ಮುಗಿದಿರುತ್ತದೆ.

ಇದೇ ರೈತನು ಹತ್ತು ಗುಂಟೆ ಹೊಲ ಕೊಳ್ಳುವಾಗ ಸಾತಬಾರಾ ಉತಾರ ನೋಡದೆ ಮುಂಗಡ ಕೊಡುವುದಿಲ್ಲ. ಉತಾರದಲ್ಲಿ ಯಾರ ಹೆಸರಿದೆ, ಯಾವ ಸೊಸೈಟಿಯ ಬೋಜಾ ಇದೆ ಎಂದು ಎರಡು ಸಲ ಓದಿಸುತ್ತಾನೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ವಿಷಯದಲ್ಲಿ ಮಾತ್ರ ಆರ್‌ಸಿ ಪುಸ್ತಕವನ್ನು ಕಿಸೆಗೆ ಹಾಕಿಕೊಂಡು ಸುಮ್ಮನಾಗುತ್ತಾನೆ.

ಹಳೆಯ ಯಂತ್ರದ ಮಾರಾಟದಲ್ಲಿ ಕಾಗದಕ್ಕಿರುವ ಬೆಲೆಯನ್ನು ಅರಿಯಬೇಕಾದರೆ ಬಳಸಿದ ಸಣ್ಣ ವಿಮಾನದ ವ್ಯಾಪಾರವನ್ನು ನೋಡಬೇಕು. 1947ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಬೀಚ್‌ಕ್ರಾಫ್ಟ್ ಬೊನಾಂಜಾ ಒಂದೇ ಪಿಸ್ಟನ್ ಇಂಜಿನ್‌ನ ವಿಮಾನ. ಅದರ ಈಚಿನ ಮಾದರಿಯದು 300 ಅಶ್ವಶಕ್ತಿ. ಹಲವು ದಶಕಗಳ ಹಿಂದೆ ತಯಾರಾದ ಇಂಥ ವಿಮಾನಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಟ್ರ್ಯಾಕ್ಟರಿನಂತೆ ಅದರ ಇಂಜಿನ್ನಿನ ಆಯುಷ್ಯವನ್ನೂ ಗಂಟೆಗಳಲ್ಲಿ ಎಣಿಸುತ್ತಾರೆ. ಸಾಮಾನ್ಯವಾಗಿ 1,700ರಿಂದ 2,000 ಗಂಟೆ ಓಡಿದ ಮೇಲೆ ಇಂಜಿನ್ ಬಿಚ್ಚಿ ಪೂರ್ಣ ದುರಸ್ತಿ ಮಾಡಬೇಕೆಂದು ತಯಾರಕರು ಹೇಳುತ್ತಾರೆ. ಆದುದರಿಂದ ಕೊಳ್ಳುವವನು ಮೊದಲು ಕೇಳುವುದು ವಿಮಾನದ ಲಾಗ್‌ಬುಕ್ಕನ್ನು. ಎಷ್ಟು ಗಂಟೆ ಹಾರಿದೆ, ಯಾವಾಗ ಯಾವ ಭಾಗ ಬದಲಾಯಿತು, ಯಾವ ತಂತ್ರಜ್ಞನು ಸಹಿ ಮಾಡಿದ್ದಾನೆ ಎಂಬುದೆಲ್ಲ ಅದರಲ್ಲಿರಬೇಕು. ಆ ಪುಸ್ತಕ ಕಳೆದಿದ್ದರೆ, ವಿಮಾನ ಎಷ್ಟು ಚೆನ್ನಾಗಿ ಹಾರಿದರೂ ಅದರ ಬೆಲೆ ಬಿದ್ದುಹೋಗುತ್ತದೆ. ಭಾರತದಲ್ಲಿ ವಿಟಿ ಅಕ್ಷರಗಳಿಂದ ಆರಂಭವಾಗುವ ಗುರುತಿನ ಪ್ರತಿಯೊಂದು ವಿಮಾನವೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ಒಡೆಯನ ಹೆಸರಿನಲ್ಲಿ ನೋಂದಣಿಯಾಗಿರಬೇಕು. ಆಕಾಶದ ಯಂತ್ರಕ್ಕಿರುವ ಈ ಎಚ್ಚರವು ನೆಲದ ಯಂತ್ರಕ್ಕೆ ಬೇಡವೆಂದು ಕಾನೂನು ಎಲ್ಲಿಯೂ ಹೇಳಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 2(30)ನೆಯ ಕಲಮಿನ ಪ್ರಕಾರ ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವನೇ ಒಡೆಯ. ಮಾರಿದವನಿಗೂ ಕೊಂಡವನಿಗೂ ನಡುವೆ ಬಾಂಡ್ ಪೇಪರು ಸಾಕ್ಷ್ಯವಾಗಬಹುದು. ಆದರೆ ರಸ್ತೆಯಲ್ಲಿ ಗಾಯಗೊಂಡ ಮೂರನೆಯವನನ್ನು ಆ ಕಾಗದ ಕಟ್ಟಿಹಾಕಲಾರದು.

ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಒಂದು ಕಾರನ್ನು ಅದರ ಒಡೆಯನು 2007ರಲ್ಲಿ ಮಾರಿದ್ದನು. ಅದು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತು. ಯಾರೂ ಹೆಸರು ಬದಲಾಯಿಸಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರದ ಹೊಣೆಯು ಬಿದ್ದದ್ದು ಎರಡು ವರ್ಷಗಳ ಹಿಂದೆ ಕಾರು ಮಾರಿ ಮರೆತಿದ್ದ ಮೊದಲ ಒಡೆಯನ ಮೇಲೆ. ಮಡಿದವರ ಮನೆಯವರು ಒಬ್ಬನ ಹಿಂದೆ ಇನ್ನೊಬ್ಬ ಕೊಳ್ಳುಗನನ್ನು ಹುಡುಕುತ್ತ ಅಲೆಯಬೇಕಾಗಿಲ್ಲ ಎಂಬುದು ನ್ಯಾಯಾಲಯದ ನಿಲುವು. ಆ ನಿಲುವು ನ್ಯಾಯವಾದುದೇ. ಆದರೆ ಮಾರಿದ ಹಣವನ್ನು ಎಂದೋ ಖರ್ಚು ಮಾಡಿದವನಿಗೆ ಅದರ ಬಿಸಿ ಎಷ್ಟು ತಟ್ಟೀತೆಂಬುದನ್ನು ಊಹಿಸಬಹುದು. ವಿಮೆಯೂ ತೀರಿಹೋಗಿದ್ದರೆ ವಸೂಲಿಯು ಹೊಲಮನೆಗಳವರೆಗೂ ಬಂದೀತು.

ಹಾಗೆಂದು ಕೊಂಡವನು ನಿಶ್ಚಿಂತನಲ್ಲ. ವಿಮೆ ಚಾಲ್ತಿಯಲ್ಲಿದ್ದರೆ ಮೂರನೆಯವರಿಗೆ ಸಂಬಂಧಿಸಿದ ರಕ್ಷಣೆಯು 157ನೆಯ ಕಲಮಿನಂತೆ ಕೊಂಡವನ ಹೆಸರಿಗೆ ತಾನಾಗಿಯೇ ದಾಟುತ್ತದೆ. ಟ್ರ್ಯಾಕ್ಟರಿಗೇ ಆದ ಹಾನಿಯ ಮಾತು ಬೇರೆ. ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದವನಿಗೆ ಆ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಹೇಳಿದೆ. ಪೊಲೀಸರು ವಾಹನವನ್ನು ಜಪ್ತಿ ಮಾಡಿದರೆ ನ್ಯಾಯಾಲಯವು ಅದನ್ನು ಸಾಮಾನ್ಯವಾಗಿ ನೋಂದಾಯಿತ ಒಡೆಯನ ಕೈಗೇ ಕೊಡುತ್ತದೆ. ಮಾರಿದವನು ತೀರಿಕೊಂಡನೆಂದರೆ, ವ್ಯವಹಾರವನ್ನೇ ಅರಿಯದ ಅವನ ವಾರಸುದಾರರ ಬಾಗಿಲಿಗೆ ಸಹಿಗಾಗಿ ಅಲೆಯಬೇಕು.

ಗಡಿಯ ಜನರಿಗೆ ಇಲ್ಲಿ ಇನ್ನೊಂದು ಮೆಟ್ಟಿಲು ಹೆಚ್ಚಿದೆ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ರಾಜ್ಯದ ಹೊರಗಿನದಾದರೆ 45 ದಿನಗಳೊಳಗೆ ನಿರಾಕ್ಷೇಪಣಾ ಪತ್ರವನ್ನೂ ಒದಗಿಸಬೇಕು. ಕೊಂಡವನು 30 ದಿನಗಳೊಳಗೆ ತನ್ನ ವಾಸಸ್ಥಳದ ಆರ್‌ಟಿಓ ಕಚೇರಿಗೆ, ಎಂದರೆ ಉಟಗಿಯವನು ಸಾಂಗಲಿಗೆ, ಅರ್ಜಿ ಕೊಡಬೇಕು. ನಿರಾಕ್ಷೇಪಣಾ ಪತ್ರದ ಅರ್ಜಿ ನಮೂನೆ 28ರಲ್ಲಿ. ವರ್ಗಾವಣೆಯವು ನಮೂನೆ 29 ಮತ್ತು 30. ಪತ್ರ ಕೊಡುವ ಮೊದಲು ಅಧಿಕಾರಿಯು ತೆರಿಗೆ ಬಾಕಿಯನ್ನೂ ಕಳವಿನ ದೂರನ್ನೂ ಪರಿಶೀಲಿಸುವುದರಿಂದ ಅದು ಕೊಳ್ಳುವವನಿಗೇ ಒಂದು ರಕ್ಷೆ. ಬೇರೆ ರಾಜ್ಯದ ವಾಹನವು 12 ತಿಂಗಳು ಮೀರಿ ಇಲ್ಲಿ ಉಳಿದರೆ ಹೊಸ ನೋಂದಣಿ ಗುರುತು ಪಡೆಯಲೇಬೇಕೆಂದು 47ನೆಯ ಕಲಮು ವಿಧಿಸುತ್ತದೆ. ವರ್ಷಾನುಗಟ್ಟಲೆ ಕೆಎ ಫಲಕದಲ್ಲಿಯೇ ಓಡುವ ಟ್ರ್ಯಾಕ್ಟರುಗಳ ಒಡೆಯರು ಇದನ್ನು ಗಮನಿಸಬೇಕು.

ಆದುದರಿಂದ ಮೇಸ್ತ್ರಿಯನ್ನು ಕರೆದೊಯ್ಯುವ ಮುನ್ನ ಮಾಡಬೇಕಾದ ಕೆಲಸಗಳಿವೆ. ವಾಹನದ ಸಂಖ್ಯೆಯನ್ನು ಪರಿವಾಹನ ಜಾಲತಾಣದಲ್ಲಿ ಹಾಕಿ ನೋಂದಣಿ, ವಿಮೆ, ಬ್ಯಾಂಕಿನ ಸಾಲದ ವಿವರ ನೋಡಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ನಮೂನೆ 35ರಿಂದ ಅದನ್ನು ತೆಗೆಸಬೇಕು. ಚಾಸಿ ಸಂಖ್ಯೆಯನ್ನೂ ಇಂಜಿನ್ ಸಂಖ್ಯೆಯನ್ನೂ ಕಣ್ಣಾರೆ ಹೋಲಿಸಬೇಕು. ನೋಂದಣಿಯ ಅವಧಿ 15 ವರ್ಷವಾದ್ದರಿಂದ ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಬೆಲೆ ಕುದುರಿಸುವ ಮೊದಲೇ ಲೆಕ್ಕ ಹಾಕಬೇಕು. ಟ್ರಾಲಿಯೂ ಕಾಯ್ದೆಯ ಪ್ರಕಾರ ವಾಹನವೇ. ಅದರ ಕಾಗದವನ್ನು ಬೇರೆಯಾಗಿ ಕೇಳಬೇಕು. ನಿರಾಕ್ಷೇಪಣಾ ಪತ್ರ ಕೈಸೇರುವವರೆಗೆ ಬೆಲೆಯ ಒಂದು ಭಾಗವನ್ನು ಉಳಿಸಿಕೊಳ್ಳುವ ಕರಾರನ್ನು ಬರೆಸಿಕೊಂಡರೆ ಮಾರುವವನೂ ಕಚೇರಿಗೆ ಬೇಗ ಓಡಾಡುತ್ತಾನೆ.

ಮಾರುವವನ ಪಾಲಿಗೆ ಒಂದೇ ಮಾತು: ಟ್ರ್ಯಾಕ್ಟರನ್ನು ಒಪ್ಪಿಸಿದ ದಿನಾಂಕ, ವೇಳೆ ಬರೆದ ರಸೀತಿ ಪಡೆದು, ವರ್ಗಾವಣೆಯ ಅರ್ಜಿ ತಾನೇ ಸಲ್ಲಿಸಿ, ಆರ್‌ಸಿಯಲ್ಲಿ ಹೊಸ ಹೆಸರು ಬಂದುದನ್ನು ನೋಡುವವರೆಗೆ ಆ ಯಂತ್ರ ತನ್ನದೇ ಎಂದು ತಿಳಿಯಬೇಕು.