ಏಲಿಯನ್ ಬಂದ್ರೂ ಡೆಲಿವರಿ ತಪ್ಪಲ್ಲ!

ಐಸ್ ಕ್ಯೂಬ್ ನಟಿಸಿದ 2025ರ ‘ವಾರ್ ಆಫ್ ದ ವರ್ಲ್ಡ್ಸ್’ ನೋಡಿದ ಬಹುತೇಕರು ನಕ್ಕು ನಕ್ಕು ಸುಸ್ತಾದರು. ನನಗೂ ನಗು ಬಂತು. ರಾಟನ್ ಟೊಮ್ಯಾಟೋಸ್‌ನಲ್ಲಿ ಮೊದಮೊದಲು ವಿಮರ್ಶಕರ ಅಂಕ 0%. ಅಮೆಜಾನ್ ಪ್ರೈಮ್‌ನಲ್ಲೇ ಬಂದ ಈ ಸಿನಿಮಾದಲ್ಲಿ ಜಗತ್ತನ್ನು ಉಳಿಸೋ ಪೆನ್‌ಡ್ರೈವ್ ಹೊತ್ತು ತರೋದು ಅಮೆಜಾನ್ ಡ್ರೋನ್! ಒಂದೂವರೆ ಗಂಟೆಯ ಜಾಹೀರಾತು ಅಂತ ಪ್ರೇಕ್ಷಕರು ರೇಗಿದ್ದು ನ್ಯಾಯವೇ.

ಆದರೆ ನನ್ನ ತಕರಾರು ಬೇರೆ. ಎಚ್.ಜಿ. ವೆಲ್ಸ್ 1898ರ ಕಾದಂಬರಿಯ ಮೊದಲ ಅಧ್ಯಾಯದಲ್ಲೇ, ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿಯನ್ನರು ನಿರ್ನಾಮ ಮಾಡಿದರು ಅಂತ ಬರೆಯುತ್ತಾನೆ. ಹಾಗಿರುವಾಗ ಮಂಗಳಗ್ರಹದವರನ್ನು ದೂರೋಕೆ ನಮಗೇನು ಹಕ್ಕು ಅನ್ನೋದು ಅವನ ಪ್ರಶ್ನೆ. ಸಾಮ್ರಾಜ್ಯದ ಮದದಲ್ಲಿದ್ದ ಇಂಗ್ಲೆಂಡಿನ ಓದುಗರನ್ನೇ ದಾಳಿಗೆ ಸಿಕ್ಕವರ ಜಾಗದಲ್ಲಿ ನಿಲ್ಲಿಸಿದ್ದ.

ಹೊಸ ಸಿನಿಮಾದ ಏಲಿಯನ್‌ಗಳಿಗೆ ಬೇಕಿರೋದು ಮನುಷ್ಯರ ಡೇಟಾ. ಎಂಥಾ ಒಳ್ಳೆ ಎಳೆ! ಸರ್ಕಾರದ ಗುಪ್ತ ಕಣ್ಗಾವಲಿಗೆ ಒಂದಿಷ್ಟು ಬೈಗುಳವೂ ಇದೆ. ಆದರೆ ನಾವು ಏನು ಕೊಳ್ತೀವಿ, ಏನು ನೋಡ್ತೀವಿ ಅಂತ ದಿನಾ ಲೆಕ್ಕ ಇಡೋ ಕಂಪನಿ ಇಲ್ಲಿ ಆಪದ್ಬಾಂಧವ. ಐಸ್ ಕ್ಯೂಬ್ ಎಷ್ಟೇ ಚೆನ್ನಾಗಿ ನಟಿಸಿದ್ದರೂ ಇದು ಸರಿಹೋಗ್ತಿರಲಿಲ್ಲ. ಮಗುಚಿಬಿದ್ದ ಡ್ರೋನನ್ನು ಎತ್ತಿ ನಿಲ್ಲಿಸೋಕೆ ಬೀದಿಯಲ್ಲಿದ್ದವನಿಗೆ ಒಡ್ಡೋ ಆಮಿಷವೂ ಅಮೆಜಾನ್ ಗಿಫ್ಟ್ ಕಾರ್ಡೇ.