ಕನ್ನಡಿನ ಬರೀ ಅಂಟಿನ ಮೇಲೆ ಬಿಡಬೇಡ್ರಪ್ಪಾ

1/6
ನಿಮ್ಮ ಮನೆ ಬೀರು ಬಾಗಿಲಿಗೆ ಕನ್ನಡಿ ಅಂಟಿಸಿದ್ದೀರಾ? ಹಂಗಾದ್ರೆ ಸ್ಕ್ರೋಲ್ ಮಾಡ್ಬೇಡಿ, ಎರಡು ನಿಮಿಷ ಓದಿ.

ಹೋದ ಮಳೆಗಾಲದಾಗೆ ಸಾಸ್ವೆಹಳ್ಳಿಯ ನಮ್ಮ ಮನೇಲಿ ಒಂದು ರಾತ್ರಿ ದಢಾರ್ ಅಂತ ಸದ್ದಾಯ್ತು. ಮರದ ಬೀರುವಿಗೆ ನಾನೇ ಅಂಟಿಸಿದ್ದ ನಾಲ್ಕಡಿ ಕನ್ನಡಿ ನೆಲದ ಮೇಲೆ ಚೂರು ಚೂರು. ಹತ್ತು ನಿಮಿಷ ಮುಂಚೆ ತಂಗಿ ಅದರ ಮುಂದೆಯೇ ಚಾಪೆ ಹಾಕ್ಕೊಂಡು ಕೂತು ಜಡೆ ಬಿಚ್ಚುತ್ತಿದ್ದಳು. ಅವ್ವ ನನಗೆ ಬೈಲಿಲ್ಲ, ಸುಮ್ಮನೆ ಪೊರಕೆ ತಂದಳು. ಬೈದಿದ್ರೇ ವಾಸಿ ಇತ್ತು.

ಕನ್ನಡಿ ಒಡೆದಿದ್ದು ಅಪಶಕುನ ಅಂದ್ರು ಅಕ್ಕಪಕ್ಕದೋರು. ನನ್ನ ಪ್ರಕಾರ ಅದು ಶಕುನ ಅಲ್ಲ, ಗೋಂದಿನ ತಪ್ಪು. ಗೋಂದು ಆರಿಸಿದ್ದು ನಾನು.

2/6
ನಾನು ಹಚ್ಚಿದ್ದು ಮರಗೆಲಸದ ಬಿಳಿ ಗೋಂದು. ಮರಕ್ಕೆ ಮರ ಹಿಡಿಸೋಕೆ ಅದು ಒಳ್ಳೇದೇ. ಅದರೊಳಗಿನ ನೀರನ್ನ ಮರ ಹೀರ್ಕೊಳ್ಳುತ್ತೆ, ಗೋಂದು ಗಟ್ಟಿಯಾಗುತ್ತೆ. ಆದ್ರೆ ಕನ್ನಡಿ ಬೆನ್ನು ನೀರು ಹೀರಲ್ಲ. ಬಾಗಿಲಿಗೆ ಮೈಕಾ ಹೊಡೆದಿದ್ರೆ ಆ ಕಡೆಯೂ ಹೀರಲ್ಲ. ನೀರು ಹೋಗೋಕೆ ದಾರಿ ಇಲ್ಲದೆ ನಡುವಿನ ಗೋಂದು ಎಷ್ಟೋ ದಿನ ಹಸಿಯಾಗೇ ಇರುತ್ತೆ.

ಇನ್ನೊಂದು ವಿಷ್ಯ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ. ಗಾಜು ತೇವಕ್ಕೆ ಜಗ್ಗಲ್ಲ. ಒಂದು ಕದಲುತ್ತೆ, ಇನ್ನೊಂದು ಕದಲಲ್ಲ. ನಡುವೆ ಗಟ್ಟಿ ಗೋಂದು ಇದ್ರೆ ಬಿಡೋದು ಅದೇ. ಜೊತೆಗೆ ಬಾಗಿಲನ್ನ ದಿನಕ್ಕೆ ಎಷ್ಟು ಸಲ ಧಡಕ್ ಅಂತ ಹಾಕ್ತೀವಿ, ಲೆಕ್ಕ ಹಾಕಿ.

3/6
ತೂಕದ ಲೆಕ್ಕ ನೋಡಿ. ಒಂದು ಮಿ.ಮೀ. ದಪ್ಪದ ಗಾಜು ಒಂದು ಚದರ ಮೀಟರಿಗೆ 2.5 ಕೆ.ಜಿ. ತೂಗುತ್ತೆ. 4 ಮಿ.ಮೀ. ದಪ್ಪದ, 2 ಅಡಿ ಅಗಲ 4 ಅಡಿ ಉದ್ದದ ಕನ್ನಡಿ ಸುಮಾರು 7.4 ಕೆ.ಜಿ. ಅರ್ಧ ಕೊಡ ನೀರನ್ನ ಬಾಗಿಲಿಗೆ ಗೋಂದು ಹಚ್ಚಿ ನೇತು ಹಾಕಿದಂಗೆ. ಅಷ್ಟು ಭಾರವನ್ನ ಬಾಗಿಲ ಕೀಲುಗಳೂ ಹೊರಬೇಕು, ಮರೀಬೇಡಿ.

ಗೋಂದು ಹಿಡಿದಿರೋದು ಗಾಜನ್ನೂ ಅಲ್ಲ! ನಾವು ಇವತ್ತಿಗೂ 'ಕನ್ನಡಿ ಪಾದರಸ' ಅಂತೀವಿ. ಹಳೇ ಕಾಲದ ಕನ್ನಡಿಗೆ ತವರ ಮತ್ತು ಪಾದರಸ ಬಳಿಯುತ್ತಿದ್ದದ್ದು ನಿಜ. 1835ರಲ್ಲಿ ಜರ್ಮನಿಯ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಕೂರಿಸೋ ರಾಸಾಯನಿಕ ವಿಧಾನ ಕಂಡುಹಿಡಿದ ಮೇಲೆ ಆ ಪದ್ಧತಿ ಹೋಯ್ತು. ಈಗ ಗಾಜಿನ ಬೆನ್ನಿಗೆ ತೆಳು ಬೆಳ್ಳಿ, ಅದರ ಮೇಲೆ ಬಣ್ಣ. ನಿಮ್ಮ ಅಂಟು ಹಿಡಿಯೋದು ಆ ಬಣ್ಣವನ್ನ. ಬಣ್ಣ ಎದ್ದು ಬಂದ್ರೆ ಎಂಥಾ ದುಬಾರಿ ಅಂಟು ಇದ್ರೂ ಕನ್ನಡಿ ಕೆಳಗೇ.

4/6
ಹಂಗಾದ್ರೆ ಸಿಲಿಕೋನ್ ಹಾಕಿದ್ರೆ ಆಯ್ತಲ್ಲ ಅಂತೀರಾ? ಯಾವ ಸಿಲಿಕೋನ್ ಅಂತ ಕೇಳಿ. ವಿನೆಗರ್‌ನಂಥ ಹುಳಿ ವಾಸನೆ ಬಂದ್ರೆ ಅದರಲ್ಲಿ ಅಸಿಟಿಕ್ ಆಮ್ಲ ಹೊರಡುತ್ತಿದೆ ಅಂತ ಅರ್ಥ. ಬೆಳ್ಳಿ ಪದರವನ್ನ ಅದು ಕೆಡಿಸಬಹುದು, ಕನ್ನಡಿಯಲ್ಲಿ ಕಪ್ಪು ಕಲೆ ಏಳುತ್ತೆ. ಟ್ಯೂಬಿನ ಮೇಲೆ 'ನ್ಯೂಟ್ರಲ್ ಕ್ಯೂರ್' ಅಂತಲೋ, ಕನ್ನಡಿಗೆ ಬಳಸಬಹುದು ಅಂತಲೋ ಬರೆದಿರಬೇಕು. ಅದು ಆರಿದ ಮೇಲೂ ರಬ್ಬರಿನಂಗೆ ಬಾಗುತ್ತೆ, ಮರ ಕದಲಿದ್ರೆ ತಡ್ಕೊಳ್ಳುತ್ತೆ.

ಬಾಗಿಲು ಬಿಚ್ಚಿ ನೆಲದ ಮೇಲೆ ಮಲಗಿಸಿ. ಎಣ್ಣೆ, ಧೂಳು ಒರೆಸಿ, ಮೈಕಾ ಇದ್ರೆ ಉಪ್ಪುಕಾಗದದಿಂದ ಉಜ್ಜಿ. ಸಿಲಿಕೋನನ್ನ ಸುತ್ತ ಚೌಕಟ್ಟಿನಂಗೆ ಎಳೀಬೇಡಿ, ಮೇಲಿಂದ ಕೆಳಕ್ಕೆ ಉದ್ದುದ್ದ ಗೆರೆ ಎಳೀರಿ. ಅದು ಆರೋದು ಗಾಳಿಯ ತೇವದಿಂದ. ಸುತ್ತ ಮುಚ್ಚಿಬಿಟ್ರೆ ನಡುಭಾಗಕ್ಕೆ ಗಾಳಿಯೇ ಹೋಗಲ್ಲ. ಪೂರ್ತಿ ಒತ್ತಿ ಚಪ್ಪಟೆ ಮಾಡ್ದೆ ಎರಡು ಮೂರು ಮಿ.ಮೀ. ಸಂದು ಉಳಿಸಿ. ಒಂದು ದಿನಕ್ಕೆ ಆರೋದೇ ಹೆಚ್ಚುಕಮ್ಮಿ ಅಷ್ಟು ದಪ್ಪ. ಅದಕ್ಕೇ ಎರಡು ದಿನ ಬಾಗಿಲು ಎತ್ತಬೇಡಿ.

5/6
ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ವಾದ ಒಂದೇ: ಅಂಟು ಒಂದೇ ಸಾಲದು. ಕೆಳಗೆ ಎರಡು, ಪಕ್ಕಕ್ಕೆ ಎರಡು, ಮೇಲೆ ಎರಡು ಕ್ಲಿಪ್ ಹಾಕಿ, ಇಲ್ಲಾ ಸುತ್ತ ಮರದ ಬೀಡಿಂಗ್ ಹೊಡಿಸಿ. ಅಂಟು ಬಿಟ್ರೂ ಕನ್ನಡಿ ಅಲ್ಲೇ ನಿಲ್ಲಬೇಕು.

'ಕ್ಲಿಪ್ ಹಾಕಿದ್ರೆ ಲುಕ್ ಹೋಗುತ್ತೆ, ರೀಲ್ಸ್‌ನಲ್ಲಿ ಎಲ್ರೂ ಅಂಚೇ ಇಲ್ಲದ ಕನ್ನಡಿ ಹಾಕ್ತಾರೆ' ಅಂತೀರಿ. ನಾನೂ ಅದನ್ನೇ ನೋಡಿ ಹಾಕಿದ್ದು. ರೀಲ್ ಮೂವತ್ತು ಸೆಕೆಂಡಿಗೆ ಮುಗಿಯುತ್ತೆ. ಕನ್ನಡಿ ಹತ್ತು ಮಳೆಗಾಲ ನಿಲ್ಲಬೇಕು. ಅಜ್ಜಿ ಮನೆ ಹಳೇ ಬೀರು ನೋಡಿ: ಆಚಾರ್ರು ಬಾಗಿಲಲ್ಲೇ ಗಾಡಿ ಕೊರೆದು, ಕನ್ನಡಿ ಕೂರಿಸಿ, ಮರದ ಪಟ್ಟಿ ಹೊಡೆದಿರ್ತಾರೆ. ಒಂದು ತೊಟ್ಟು ಗೋಂದಿಲ್ಲ. ಕನ್ನಡಿ ಮಸುಕಾಗಿದೆ, ಬಿದ್ದಿಲ್ಲ. ಆ ಕೆಲಸಕ್ಕೆ ಇನ್ನೊಂದು ದಿನದ ಕೂಲಿ ಜಾಸ್ತಿ ಆಗುತ್ತೆ. ಚೌಕಾಸಿ ಮಾಡಿ ಅದನ್ನ ಉಳಿಸೋರು ನಾವೇ, ಆಮೇಲೆ ಆಚಾರ್ರಿಗೆ ಬೈಯೋರೂ ನಾವೇ.

6/6
ಅಡಿಕೆ ದುಡ್ಡಲ್ಲಿ ಹೊಸ ಮನೆ ಕಟ್ಟಿಸ್ತಿರೋರು, ಹಾಸ್ಟೆಲ್ ರೂಮಲ್ಲಿ ಟೇಪ್ ಹಾಕಿ ಕನ್ನಡಿ ನೇತು ಹಾಕಿರೋರು, ಎಲ್ರಿಗೂ ಒಂದೇ ಮಾತು. ಇವತ್ತು ರಾತ್ರಿ ಮಲಗೋ ಮುಂಚೆ ಕನ್ನಡಿಯ ಮೇಲಿನ ಎರಡು ಮೂಲೆ ಮೆಲ್ಲಗೆ ಒತ್ತಿ ನೋಡಿ. ಒಳಕ್ಕೆ ಹೋಗಿ ಮತ್ತೆ ಎದ್ದು ಬಂತಾ? ಅಂಟು ಬಿಟ್ಟಿದೆ. ಎಳೆದು ನೋಡೋ ಸಾಹಸ ಬೇಡ. ಗಾಜಿನ ಮೇಲೆ ಅಗಲ ಟೇಪ್ ಅಡ್ಡಡ್ಡ ಅಂಟಿಸಿ, ಮಕ್ಕಳನ್ನ ದೂರ ಇಡಿ, ಬೆಳಿಗ್ಗೆ ಆಚಾರ್ರನ್ನ ಕರೀರಿ.

ನಮ್ಮನೇಲಿ ಈಗ ಹೊಸ ಕನ್ನಡಿ ಬಂದಿದೆ, ಸುತ್ತ ಬೀಡಿಂಗ್ ಇದೆ. ತಂಗಿ ಮತ್ತೆ ಅದರ ಮುಂದೆ ಕೂತು ಜಡೆ ಹಾಕ್ಕೊಳ್ತಾಳೆ. ನಾನು ಮಾತ್ರ ಹೋಗ್ತಾ ಬರ್ತಾ ಮೂಲೆ ಒತ್ತಿ ನೋಡ್ತೀನಿ.

ನಿಮ್ಮ ಕನ್ನಡಿ ಏನಂತು, ಕಾಮೆಂಟಲ್ಲಿ ಹೇಳಿ.

#ಸಾಸ್ವೆಹಳ್ಳಿ #ಹೊನ್ನಾಳಿ #ದಾವಣಗೆರೆಹುಡುಗ್ರು #ಮನೆಕೆಲಸ